ಬ್ರೇಕಿನ ಪಟ್ಟಿ

ಹುಬ್ಬಳ್ಳಿಯಿಂದ ಬಂದ ಪಾರ್ಸಲ್ಲನ್ನು ಯಶೋಧಾ ಹಲ್ಲಿನಿಂದಲೇ ಕಚ್ಚಿ ಹರಿದಳು. ಒಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ ಬೆರಳಗಲದ ಉಕ್ಕಿನ ಪಟ್ಟಿ, ಬಳೆಯ ಹಾಗೆ ಬಾಗಿಸಿದ್ದು. ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿದಳು. ಎಲ್ಲೂ ಬಿರುಕಿರಲಿಲ್ಲ. ಅಸಲಿ ಮಾಲು.

"ಅದೇನ್ ತಂಗಿ, ಬಳಿ ಇದ್ದಂಗೈತಿ?" ಎಂದ ನಿಜಗುಣಪ್ಪ. ಬೆಳೆಗೆ ಔಷಧಿ ಹೊಡೆಯುವ ಪಂಪು ಕೆಟ್ಟಿದೆಯೆಂದು ಬೆಳಿಗ್ಗೆಯೇ ಬಂದು ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತಿದ್ದ ಮುದುಕ.

"ಗಿಡಾ ಕೊಯ್ಯೋ ಮಷಿನ್ನಿನ ಬ್ರೇಕಿನ ಪಟ್ಟಿ ರೀ ಯಜ್ಜಾ. ಕೊಯ್ಯುವಾಗ ಒಮ್ಮೊಮ್ಮೆ ಮಷಿನ್ ಜಿಗದು ಮೈಮ್ಯಾಲ ಬರತೈತಿ ನೋಡ್ರಿ, ಅವಾಗ ಇದು ಒಳಗ ಗಪ್ಪನ ಬಿಗದು ಚೈನ್ ನಿಂದರಸತೈತಿ. ಇದನ್ನ ಕೂಡ್ರಿಸಿಬಿಟ್ಟು ನಿಮ್ಮ ಪಂಪಿಗೆ ಕೈ ಹಚ್ತೇನಿ. ಕುಂದರ್ರಿ."

ಬೋಲ್ಟು ಬಿಗಿಯುವ ಪಾನಾ ತೆಗೆದುಕೊಂಡು ಒಳಗಿನ ಹಲಗೆಯ ಕಡೆ ತಿರುಗಿದಳು. ಹಲಗೆ ಖಾಲಿಯಿತ್ತು, ಮಷಿನ್ನು ಇರಲಿಲ್ಲ.

ಮೊದಲು ತಾನೇ ಎಲ್ಲಾದರೂ ಸರಿಸಿ ಇಟ್ಟೆನೋ ಎಂದು ಬಗ್ಗಿ ನೋಡಿದಳು. ಹಲಗೆಯ ಕೆಳಗೆ ಹಳೆಯ ಚೈನುಗಳು, ಮೂಲೆಯಲ್ಲಿ ಅಪ್ಪನ ಕಾಲದ ಕೈಪಂಪುಗಳು. ಬಿಚ್ಚಿಟ್ಟ ಮುಚ್ಚಳವೂ ಇರಲಿಲ್ಲ, ಬೋಲ್ಟುಗಳೂ ಇರಲಿಲ್ಲ. ಬೋಲ್ಟು ಹಾಕಿಟ್ಟ ಡಬ್ಬಿಯಲ್ಲಿ ಮುರಿದ ಹಳೆಯ ಪಟ್ಟಿಯ ಎರಡು ತುಂಡುಗಳು ಮಾತ್ರ ಉಳಿದಿದ್ದವು.

ಆ ಮಷಿನ್ನು ವೀರಪ್ಪ ಸಾವಕಾರರದು. ಸವದತ್ತಿಯಲ್ಲಿ ಅವರ ಕಟ್ಟಿಗೆ ಅಡ್ಡೆ. ಸುತ್ತ ನಾಲ್ಕು ತಾಲೂಕುಗಳಲ್ಲಿ ಯಾರ ಹೊಲದ ಬದುವಿನಲ್ಲಿ ಗಿಡ ಕಡಿಯುವುದಿದ್ದರೂ ಅವರೇ ಗುತ್ತಿಗೆ ಹಿಡಿಯುತ್ತಿದ್ದರು. ಮಷಿನ್ನು ಓಡಿಸುವವನು ಯಶೋಧಾಳ ಗಂಡ ಗೌತಮ. ಹಗ್ಗ ಕಟ್ಟಿ ಎಳೆಯುವವನು ಅವಳ ತಮ್ಮ ಸದಾಶಿವ. ರಿಪೇರಿ ಅವಳದು. ಒಂದೇ ಬಳಗದ ಮೂವರೂ ಸಾವಕಾರರ ಒಂದೇ ಮಷಿನ್ನಿನ ಸುತ್ತ ಬದುಕು ಕಟ್ಟಿಕೊಂಡಿದ್ದರು.

ಹಿಂದಿನ ದಿನ ಸಂಜೆ ಅದನ್ನು ಪೂರಾ ಸರ್ವಿಸ್ ಮಾಡಿದ್ದಳು. ಏರ್ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು ಒಣಗಿಸಿದಳು, ಪ್ಲಗ್ ಬದಲಿಸಿದಳು, ಚೈನಿಗೆ ಎಣ್ಣೆ ಹೋಗುವ ತೂತಿನಲ್ಲಿ ಸೇರಿಕೊಂಡಿದ್ದ ಹೊಟ್ಟನ್ನು ಸೂಜಿಯಿಂದ ತೆಗೆದಳು. ದುಂಡು ಕಾನಸ ಹಿಡಿದು ಚೈನಿನ ಒಂದೊಂದೇ ಹಲ್ಲನ್ನು ತೀಡಿ, ಹೆಬ್ಬೆರಳಿನ ಉಗುರಿನ ಮೇಲೆ ಒರೆದು ನೋಡಿದ್ದಳು. ಕೊನೆಗೆ ಪಕ್ಕದ ಮುಚ್ಚಳ ಬಿಚ್ಚಿದಾಗ ಪಟ್ಟಿ ಮುರಿದದ್ದು ಕಂಡಿತ್ತು. ಗೌತಮ ಊಟ ಮಾಡಿ ಕೈ ಒರೆಸಿಕೊಳ್ಳುತ್ತಿದ್ದಾಗ ಅಲ್ಲೇ ಬಾಗಿಲಲ್ಲಿ ನಿಂತು ಹೇಳಿದ್ದಳು.

"ಬ್ರೇಕಿನ ಪಟ್ಟಿ ಮುರದೈತ್ರಿ. ಹುಬ್ಬಳ್ಳಿಗೆ ಫೋನ್ ಮಾಡೇನಿ, ನಾಳೆ ಬಸ್ಸಿಗೆ ಹಾಕ್ತಾರಂತ. ಅಲ್ಲೀತನಕಾ ಆ ಮಷಿನ್ ಮುಟ್ಟಬ್ಯಾಡ್ರಿ."

"ನಾಳೆ ಕಿತ್ತೂರಾಗ ಕೆಲಸಾ ಮುಗಸಬೇಕಲಾ. ಸಾವಕಾರ ಕುತ್ತಿಗಿ ಮ್ಯಾಲ ಕುಂತಾರ."

"ಸಾವಕಾರಗ ಬೇಕಾದ್ರ ನಾ ಹೇಳ್ತೇನಿ."

"ಬ್ಯಾಡ ಬಿಡು, ಒಂದ ದಿನದ ಮಾತು," ಎಂದು ಅವನು ಎದ್ದು ಹೋಗಿದ್ದ. ಅಲ್ಲಿಗೆ ಮಾತು ಮುಗಿಯಿತೆಂದೇ ಅವಳು ತಿಳಿದಿದ್ದಳು. ಬೆಳಿಗ್ಗೆ ಅವಳು ಬಚ್ಚಲಿನಲ್ಲಿದ್ದಾಗ ಅವನ ಬೈಕು ಹೋದ ಸದ್ದು ಕೇಳಿಸಿತ್ತು. ಸಾವಕಾರರ ಅಡ್ಡೆಗೆ ಹೋಗಿರಬೇಕು, ರಜೆ ಹೇಳಿ ಬರುತ್ತಾನೆ ಅಂದುಕೊಂಡಿದ್ದಳು.

ಫೋನು ಮಾಡಿದಳು. ಎತ್ತಲಿಲ್ಲ. ತಮ್ಮನಿಗೂ ಮಾಡಿದಳು. ಅವನೂ ಎತ್ತಲಿಲ್ಲ. ಮಷಿನ್ನಿನ ಸಪ್ಪಳದಲ್ಲಿ ಕೇಳಿರಲಿಕ್ಕಿಲ್ಲ. ನಿಜಗುಣಪ್ಪನ ಪಂಪನ್ನು ತೊಡೆಯ ಮೇಲಿಟ್ಟುಕೊಂಡು ವಾಶರ್ ಕೀಳತೊಡಗಿದಳು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಗೌತಮ ಹಳೆಯ ಕೈ, ಮಷಿನ್ನಿನ ಗುಣ ಬಲ್ಲವನು, ಬ್ರೇಕಿಲ್ಲವೆಂದು ಗೊತ್ತಿದ್ದೂ ಮೈಮರೆಯುವವನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಇವತ್ತು ಮನೆಗೆ ಬರಲಿ, ಚೆನ್ನಾಗಿ ನಾಲ್ಕು ಮಾತು ಅಂದುಬಿಡಬೇಕು.

ಪಂಪಿಗೆ ನೀರು ತುಂಬಿ ಹೊಡೆದು ನೋಡುತ್ತಿದ್ದಾಗ ಫೋನು ಬಂತು.

"ಯಶೋಧಾ... ಸದಾನ ಕೈಗೆ ಹತ್ತೈತಿ," ಎಂದ ಗೌತಮ.

"ಏನ್ ಹತ್ತೈತಿ?"

"ಮಷಿನ್. ಬೆಳಗಾವಿಗೆ ಒಯ್ಯಾಕ ಹತ್ತೇವಿ. ಅವ್ವನ್ನ ಕರಕೊಂಡು ಬಾ."

ನಿಜಗುಣಪ್ಪ ಎದ್ದು ನಿಂತು ಏನೋ ಕೇಳಿದ. ಅವಳು ಪಂಪನ್ನು ಅವನ ಕೈಗೆ ಕೊಟ್ಟು, ತಗಡಿನ ಬಾಗಿಲನ್ನು ಎಳೆದು, ಕೀಲಿ ಹಾಕುವುದನ್ನೂ ಮರೆತು ತವರುಮನೆಯ ಓಣಿಯ ಕಡೆ ನಡೆದಳು. ಅರ್ಧ ದಾರಿಯಲ್ಲಿ ಒಂದು ಮಾತು ಅವಳ ತಲೆಗೆ ಬಂತು. ಸದಾಶಿವ ಹಗ್ಗ ಹಿಡಿಯುವವನು. ಅವನ ಕೈಗೆ ಮಷಿನ್ನು ಹೇಗೆ ಹತ್ತಿತು?

*

ಯರಗಟ್ಟಿಯಲ್ಲಿ ಯಶೋಧಾಳ ಅಪ್ಪ ಶಟ್ಟೆಪ್ಪ ಪಂಪು, ಇಂಜಿನ್ನು ರಿಪೇರಿ ಮಾಡುತ್ತಿದ್ದ. ಮಗ ಇನ್ನೂ ಚಿಕ್ಕವನು, ಮಗಳು ಪಕ್ಕದಲ್ಲೇ ಕೂತು ಪಾನಾ ಕೊಡುತ್ತ ಕೊಡುತ್ತ ಕೆಲಸ ಕಲಿತಳು. ಅಪ್ಪ ತೀರಿಕೊಂಡ ಮೇಲೆ ಅಂಗಡಿ ಮುಚ್ಚಬೇಕೆಂದು ಬಳಗದವರೆಲ್ಲ ಹೇಳಿದರು. ಮದುವೆಯಾದ ಹೆಣ್ಣು ಪೆಟ್ರೋಲು ನಾರುವ ಕೈಯಲ್ಲಿ ರೊಟ್ಟಿ ಬಡಿಯುವುದೇ ಎಂದು ಗೌತಮನ ಕಡೆಯವರು ನಕ್ಕರು. ಆಗ ಗೌತಮನೇ ಬೆಳಗಾವಿಯ ಹಳೇ ಸಾಮಾನಿನ ಬಜಾರಿನಿಂದ ಸಾಮಾನು ಕಚ್ಚಿ ಹಿಡಿಯುವ ಒಂದು ಭಾರದ ಕಬ್ಬಿಣದ ವೈಸ್ ಕೊಂಡು, ಬಸ್ಸಿನಿಂದ ಇಳಿದು ಊರ ತುಂಬ ಹೆಗಲ ಮೇಲೆ ಹೊತ್ತುಕೊಂಡು ಬಂದು ಅಂಗಡಿಯ ಹಲಗೆಗೆ ಬಿಗಿದಿದ್ದ. "ನನ್ನ ಹೇಣ್ತಿ ಕೆಲಸಾ ಮಾಡ್ತಾಳ, ಏನೀಗ?" ಎಂದಿದ್ದ. ಆ ಮಾತನ್ನು ಅವಳು ಎಷ್ಟೋ ವರ್ಷ ಮನಸ್ಸಿನಲ್ಲೇ ತಿರುವಿ ಮುರುವಿ ನೋಡಿ ಸುಖಪಟ್ಟಿದ್ದಳು.

ಈಗ ಕಿತ್ತೂರಿನಿಂದ, ರಾಮದುರ್ಗದಿಂದ ಗಿಡ ಕಡಿಯುವವರು ಮಷಿನ್ನು ಹೊತ್ತುಕೊಂಡು ಅವಳ ಅಂಗಡಿ ಹುಡುಕಿಕೊಂಡು ಬರುತ್ತಿದ್ದರು. ಯಶೋಧಾ ನೋಡ್ಯಾಳ ಅಂದರೆ ಸಾಕು, ಮತ್ತೆ ಯಾರೂ ಮಷಿನ್ನನ್ನು ಬಿಚ್ಚಿ ನೋಡುತ್ತಿರಲಿಲ್ಲ.

ಅವಳು ತಾಯಿಯನ್ನು ಕರೆದುಕೊಂಡು ಬೆಳಗಾವಿ ಮುಟ್ಟಿದಾಗ ಆಸ್ಪತ್ರೆಯ ಕಾರಿಡಾರಿನಲ್ಲಿ ವೀರಪ್ಪ ಸಾವಕಾರರು ಬೆಂಚಿನ ಮೇಲೆ ಕೂತಿದ್ದರು. ಬಿಳಿ ಅಂಗಿಯ ಮೇಲೆ ರಕ್ತದ ಕಲೆಯಿತ್ತು. ತಮ್ಮ ಕಾರಿನಲ್ಲೇ ಹಾಕಿಕೊಂಡು ಬಂದಿದ್ದರಂತೆ. ಗೌತಮ ಗೋಡೆಗೆ ಒರಗಿ ನಿಂತಿದ್ದ. ಯಶೋಧಾಳ ತಾಯಿ ಕೃಷ್ಣವ್ವ ಅಳಿಯನ ಮುಖ ನೋಡಿದ್ದೇ ತಡ ನೆಲಕ್ಕೆ ಕುಸಿದಳು.

"ಜೀವಕ್ಕೇನೂ ಆಗಿಲ್ಲ ಎವ್ವಾ," ಎಂದರು ಸಾವಕಾರರು. "ಎಡಗೈ ಮೊಣಕೈ ಕೆಳಗ ಹರದೈತಿ. ನರಾ ಕೂಡ್ರಿಸಾಕ ಹತ್ಯಾರ." ಆಮೇಲೆ ಯಶೋಧಾಳ ಕಡೆ ತಿರುಗಿ, ಬೈಯುವ ದನಿಯಲ್ಲಲ್ಲ, ದುಃಖದ ದನಿಯಲ್ಲೇ ಹೇಳಿದರು. "ನೀ ನೋಡಿ ಕಳಿಸಿದ ಮಷಿನ್ನ ಹಿಂಗ ಮಾಡ್ತಲ್ಲ ತಂಗೀ. ನಾ ಬೆಳಿಗ್ಗೆ ಫೋನಿನ್ಯಾಗ ಇಂವಗ ಕೇಳ್ದೆ. ಬ್ರೇಕಿಂದೇನೋ ಅಂತಿದ್ದೆಲ್ಲೊ, ಏನಾತು ಅಂತ. ನನ್ನ ಹೇಣ್ತಿ ಎಲ್ಲಾ ಬರೋಬ್ಬರಿ ಮಾಡ್ಯಾಳ್ರಿ ಅಂದ."

ಯಶೋಧಾ ಗಂಡನ ಕಡೆ ನೋಡಿದಳು. ಅವನು ಎದುರಿನ ಗೋಡೆಗೆ ಅಂಟಿಸಿದ್ದ ಮಕ್ಕಳ ಲಸಿಕೆಯ ಚಿತ್ರ ನೋಡುತ್ತಿದ್ದ. ಈಗ ಹೇಳುತ್ತಾನೆ ಎಂದು ಕಾದಳು. ಸಾವಕಾರರ ಮುಂದೆ ಅಂಜಿರಬೇಕು, ಅವರು ಎದ್ದು ಹೋಗಲಿ ಎಂದು ಕಾದಳು. ಸಾವಕಾರರು ಎದ್ದು ಹೋದರು. ಗೌತಮ ಚಹಾ ತರುತ್ತೇನೆಂದು ಅವರ ಹಿಂದೆಯೇ ಹೋದ.

ಕೃಷ್ಣವ್ವ ಮಗಳ ಸೆರಗು ಹಿಡಿದು ಜಗ್ಗಿದಳು. "ನೀ ನೋಡಿದ್ದೇನ ಆ ಮಷಿನ್ನ?"

"ನೋಡಿದ್ನಿ ಎವ್ವಾ, ಆದ್ರ..."

"ನಿನ್ನ ಕೈಲೆ ನೋಡಿದ್ದಿ. ನಿನ್ನ ಒಡಹುಟ್ಟಿದಂವಗ," ಎಂದಳು ತಾಯಿ. ಸೆರಗು ಬಿಟ್ಟಳು.

ಸಂಜೆ ಒಬ್ಬೊಬ್ಬರನ್ನೇ ಒಳಗೆ ಬಿಟ್ಟರು. ಸದಾಶಿವನ ಕೈ ಮೊಣಕೈಯಿಂದ ಬೆರಳಿನವರೆಗೆ ಬಿಳಿ ಪಟ್ಟಿಯಲ್ಲಿ ಮುಚ್ಚಿಹೋಗಿತ್ತು. ತುಟಿ ಒಣಗಿದ್ದವು. ಅಕ್ಕನನ್ನು ನೋಡಿ ಸಣ್ಣ ಹುಡುಗನಂತೆ ನಕ್ಕ.

"ಮಾಮಾ ತಾವ ಕರದು ಕೊಟ್ರು ಅಕ್ಕಾ. ಇನ್ನ ಎರಡು ವರ್ಷ ಹಗ್ಗ ಹಿಡಿ ಅಂತ ಯಾವಾಗಲೂ ಬೈತಿದ್ರಲಾ, ಇವತ್ತ ತಾವ ಕರದು, ಹಿಡಿ, ಇವತ್ತ ನೀ ಕೊಯ್ಯಿ ಅಂದ್ರು. ನಾ ಖುಷಿಯಿಂದ ಹಿಡದೆ. ದೊಡ್ಡ ಜಾಲಿಗಿಡ ಇತ್ತು. ಮಷಿನ್ನಿನ ತುದಿ ಎಲ್ಲೆ ತಾಗ್ತೋ ಗೊತ್ತಾಗಲಿಲ್ಲ, ಒಮ್ಮೆಲೆ ಜಿಗದು ಬಂತು." ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ. ಆಮೇಲೆ ಕೇಳಿದ. "ಆ ತಂತಿ ಯಾಕ ಕಟ್ಟಿದ್ದಿ ಅಕ್ಕಾ?"

"ಯಾವ ತಂತಿ?"

"ಬ್ರೇಕಿನ ಹಿಡಿಕಿಗೆ. ನಾ ಕೇಳ್ದೆ, ಇದನ್ಯಾಕ ಕಟ್ಯಾರ ಮಾಮಾ ಅಂತ. ನಿಮ್ಮಕ್ಕನ ಕಟ್ಯಾಳ, ಆಕಿಗೆ ಗೊತ್ತಿಲ್ಲೇನು ಅಂದ್ರು. ಅಕ್ಕ ಕಟ್ಯಾಳಂದ್ರ ಏನೋ ಇರಬೇಕಂತ ನಾ ಸುಮ್ನಾದೆ."

ಯಶೋಧಾ ತಮ್ಮನ ಹಣೆಯ ಮೇಲಿನ ಬೆವರನ್ನು ಸೆರಗಿನಿಂದ ಒರೆಸಿ, "ಮಲ್ಕೊ," ಎಂದಳು. ಹೊರಗೆ ಬಂದು ಕಾರಿಡಾರಿನ ನಳದಲ್ಲಿ ಮುಖ ತೊಳೆದುಕೊಂಡಳು. ಉಗುರಿನ ಸಂದಿಯಲ್ಲಿ ನಿನ್ನೆಯ ಎಣ್ಣೆಯ ಕಪ್ಪು ಇನ್ನೂ ಕೂತಿತ್ತು. ಅದನ್ನು ಎಷ್ಟು ತಿಕ್ಕಿದರೂ ಹೋಗಲಿಲ್ಲ.

*

ಮರುದಿನ ಬೆಳಿಗ್ಗೆ ಹಾಸಿಗೆ, ಬಟ್ಟೆ, ಪಾತ್ರೆ ತರಲೆಂದು ಅವಳು ಊರಿಗೆ ಬಂದಳು. ಅಂಗಡಿಯ ತಗಡಿನ ಬಾಗಿಲು ಅರ್ಧ ತೆರೆದೇ ಇತ್ತು. ಯಾರೂ ಏನೂ ಮುಟ್ಟಿರಲಿಲ್ಲ. ರಾಮದುರ್ಗದ ಗಂಗಯ್ಯ ಹಿಂದಿನ ವಾರ ಸರ್ವಿಸ್‌ಗೆಂದು ಒಂದು ಮಷಿನ್ನು ಬಿಟ್ಟು ಹೋಗಿದ್ದ; ಅವನು ಹೊರಗೆ ನಿಂತಿದ್ದ.

"ಆಗೇತಿ ನೋಡ್ರಿ ನಿಮ್ಮದು," ಎಂದಳು.

"ಇರ್ಲಿ ಅಕ್ಕಾರ, ಹಂಗ ಕೊಡ್ರಿ. ಅರ್ಜಂಟ್ ಇತ್ತು." ಅವನು ಮಷಿನ್ನನ್ನು ತೆಗೆದುಕೊಂಡ. ಆದರೆ ಅಲ್ಲೇ ಅವಳ ಎದುರಿಗೇ ಸ್ಟಾರ್ಟರಿನ ಹಗ್ಗ ಎಳೆದು ಚಾಲೂ ಮಾಡಿ, ಬ್ರೇಕಿನ ಹಿಡಿಕೆಯನ್ನು ಮುಂದೆ ತಳ್ಳಿ, ಚೈನು ನಿಲ್ಲುತ್ತದೆಯೋ ಇಲ್ಲವೋ ಎಂದು ನೋಡಿದ. ಚೈನು ನಿಂತಿತು. ಮತ್ತೊಮ್ಮೆ ನೋಡಿದ. ಅವನು ಹಿಂದೆ ಯಾವತ್ತೂ ಹೀಗೆ ಮಾಡಿದವನಲ್ಲ. ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟಿತ್ತು.

ಅವನು ಹೋದ ಸ್ವಲ್ಪ ಹೊತ್ತಿಗೆ ಗೌತಮ ಬಂದ. ಕಿತ್ತೂರಿಗೆ ಹೋಗಿ ಬೈಕು ತಂದಿದ್ದ. ಹಿಂದಿನ ಸೀಟಿಗೆ ಕಟ್ಟಿದ್ದ ಗೋಣಿಚೀಲವನ್ನು ಬಿಚ್ಚಿ ಒಳಗೆ ತಂದು ಹಲಗೆಯ ಮೇಲಿಟ್ಟ. ಬಾಗಿಲು ಎಳೆದು ಮುಚ್ಚಿದ. ತಗಡಿನ ತೂತುಗಳಿಂದ ಬಿಸಿಲಿನ ಸಣ್ಣ ಸಣ್ಣ ಕೋಲುಗಳು ಒಳಗೆ ಬಿದ್ದವು.

"ಊಟಾ ಮಾಡಿದೇನು?" ಎಂದು ಕೇಳಿದ.

ಅವಳು ಗೋಣಿಚೀಲದ ಕಡೆ ನೋಡಿದಳು.

"ಇವತ್ತ ಮಧ್ಯಾಹ್ನ ಪೊಲೀಸ್ರು ದವಾಖಾನಿಗೆ ಬರ್ತಾರಂತ. ಹೇಳಿಕಿ ತಗೊಳ್ಳಾಕ. ಮಷಿನ್ನೂ ತರ್ರಿ ಅಂದಾರ." ಅವನು ಹಲಗೆಯ ಮೇಲೆ ಎಣ್ಣೆ ಕಾಗದದಲ್ಲಿ ಬಿದ್ದಿದ್ದ ಹೊಸ ಪಟ್ಟಿಯ ಕಡೆ ನೋಡಿದ. "ಅದು ಬಂದೈತೆಲ್ಲ. ಅದನ್ನ ಕೂಡ್ರಿಸಿಬಿಡು."

"ಯಾಕ್ರಿ?"

"ಬ್ರೇಕ್ ಇತ್ತು, ಹುಡುಗನ ಕೈ ಜಾರ್ತು ಅಂತ ಆಗತೈತಿ. ಯಾರಿಗೂ ಏನೂ ಆಗೂದಿಲ್ಲ. ಸಾವಕಾರ ದವಾಖಾನಿ ಎಲ್ಲಾ ತಾವ ನೋಡ್ಕೋತಾರ. ಇಲ್ಲಂದ್ರ..." ಅವನ ದನಿ ತಗ್ಗಿತು. "ಇಲ್ಲಂದ್ರ ನಿನ್ನ ಮ್ಯಾಲ ಬರತೈತಿ. ರಿಪೇರಿ ಮಾಡಿದಾಕಿ ನೀನ ಅಲಾ."

ಯಶೋಧಾ ಗೋಣಿಚೀಲದ ಬಾಯಿ ಬಿಚ್ಚಿ ಮಷಿನ್ನನ್ನು ಹೊರಗೆ ತೆಗೆದಳು. ಚೈನಿನ ಮೇಲೆ ಜಾಲಿಯ ಕೆಂಪು ಹೊಟ್ಟು ಮತ್ತು ರಕ್ತ ಸೇರಿ ಒಣಗಿ ಗಟ್ಟಿಯಾಗಿತ್ತು. ಮುಂದಿನ ಹಿಡಿಯ ಎದುರಿಗೆ ಬ್ರೇಕಿನ ಕರಿಯ ಹಿಡಿಕೆ. ಮಷಿನ್ನು ಜಿಗಿದಾಗ ಮಣಿಕಟ್ಟು ಆ ಹಿಡಿಕೆಗೆ ಬಡಿಯಬೇಕು, ಒಳಗಿನ ಪಟ್ಟಿ ಬಿಗಿಯಬೇಕು. ಪಟ್ಟಿಯಿಲ್ಲದಿದ್ದರೆ ಆ ಹಿಡಿಕೆ ಜೋಲು ಬೀಳುತ್ತದೆ, ಹೊಸಬನಿಗೂ ಗೊತ್ತಾಗುತ್ತದೆ. ಜೋಲು ಬೀಳದ ಹಾಗೆ ಅದನ್ನು ಮನೆ ಕಟ್ಟುವವರು ಸರಳಿಗೆ ಬಿಗಿಯುವ ತೆಳು ತಂತಿಯಿಂದ ಎರಡು ಕಡೆ ಕಟ್ಟಲಾಗಿತ್ತು. ಅಚ್ಚುಕಟ್ಟಾಗಿ ಕಟ್ಟಿದ್ದ. ತಂತಿಯ ತುದಿ ಕೈಗೆ ಚುಚ್ಚದ ಹಾಗೆ ಒಳಗೆ ಮಡಚಿದ್ದ.

ಅವಳು ಆ ಮಡಚಿದ ತುದಿಯನ್ನೇ ಬಹಳ ಹೊತ್ತು ನೋಡಿದಳು. ಗಡಿಬಿಡಿಯಲ್ಲಿ ಮಾಡಿದ ಕೆಲಸ ಹೀಗಿರುವುದಿಲ್ಲ.

"ಇದನ್ನ ನೀವ ಕಟ್ಟಿದ್ರಿ."

"ಏನ್ ಮಾಡ್ಲಿ? ಇವತ್ತ ಗಿಡಾ ಬೀಳದಿದ್ರ ಬೈಲಹೊಂಗಲದ ಗ್ಯಾಂಗಿಗೆ ಕೊಡ್ತೇನಿ ಅಂತ ಸಾವಕಾರ ಅಂದಿದ್ರು. ಕೈಯಾಗಿನ ಕೆಲಸಾ ಹೋಗ್ತಿತ್ತು. ಎಷ್ಟೋ ಮಂದಿ ಬ್ರೇಕಿಲ್ದ ಓಡಸ್ತಾರ."

"ನಾ ಮುಟ್ಟಬ್ಯಾಡ್ರಿ ಅಂದಿದ್ನಿ."

"ಅಂದಿದ್ದಿ. ತಪ್ಪಾತು. ಒಪ್ಕೋತೇನಿ ಅಲಾ ಈಗ, ನಿನ್ನ ಮುಂದ." ಅವನು ಅವಳ ಕೈ ಹಿಡಿಯಲು ಬಂದ. ಕಣ್ಣಲ್ಲಿ ನೀರಿತ್ತು, ಅದು ಸುಳ್ಳು ನೀರಲ್ಲವೆಂದು ಅವಳಿಗೆ ಗೊತ್ತಿತ್ತು. "ನಿನ್ನೆಯಿಂದ ನಾ ಒಂದ ತುತ್ತ ತಿಂದಿಲ್ಲ ಯಶೋಧಾ."

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಹಿಂದಿನ ದಿನ ಓಣಿಯ ಅರ್ಧದಲ್ಲಿ ತಲೆಗೆ ಬಂದಿದ್ದ ಮಾತು ಈಗ ತಾನಾಗಿಯೇ ಹೊರಗೆ ಬಂತು.

"ಮತ್ತ ನೀವ್ಯಾಕ ಹಿಡೀಲಿಲ್ಲ?"

"ಏನು?"

"ಅಂವಗ ಮಷಿನ್ ಕೊಟ್ಟು ನೀವು ಹಗ್ಗಾ ಹಿಡದ್ರಿ. ಯಾವತ್ತೂ ಅಂವನ ಕೈಗೆ ಕೊಟ್ಟಾವ್ರಲ್ಲ. ನಿನ್ನೆ ಒಂದ ದಿನಾ ಯಾಕ ಕೊಟ್ರಿ?"

ಗೌತಮ ಏನೋ ಹೇಳುವವನಂತೆ ಕೈ ಎತ್ತಿದ. ಹೊರಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಹಾಡು ಹಾಕಿಕೊಂಡು ಹೋಯಿತು, ಅದರ ಸದ್ದು ದೂರವಾಗುವವರೆಗೂ ಅವನು ಹಾಗೆಯೇ ನಿಂತಿದ್ದ.

"ಅಂಜಿಕಿ ಬಂತು," ಎಂದ ಕೊನೆಗೆ. "ಕೈಯಾಗ ಹಿಡದೆ, ಯಾಕೋ ಅಂಜಿಕಿ ಬಂತು."

ಯಶೋಧಾ ತಲೆಯಾಡಿಸಿದಳು. ಅಂಜಿಕೆ ಬಂದದ್ದು ತಪ್ಪಲ್ಲ, ಬರಬೇಕಾದದ್ದೇ. ಆ ಅಂಜಿಕೆಯನ್ನು ಕೈಯಿಂದ ಕೈಗೆ ದಾಟಿಸುವಾಗ ಅವನು ಅದಕ್ಕೆ ಅವಳ ಹೆಸರು ಕಟ್ಟಿ ದಾಟಿಸಿದ್ದ. ನಿಮ್ಮಕ್ಕನ ಕಟ್ಯಾಳ. ತಂತಿಗಿಂತ ಬಿಗಿಯಾದದ್ದು ಆ ಮಾತು.

ಅವಳು ಡಬ್ಬಿಯಿಂದ ಮುರಿದ ಪಟ್ಟಿಯ ಎರಡೂ ತುಂಡು ತೆಗೆದು ಒಂದು ಬಟ್ಟೆಯಲ್ಲಿ ಕಟ್ಟಿದಳು. ಮಷಿನ್ನನ್ನು ಇದ್ದ ಹಾಗೆಯೇ, ತಂತಿಯ ಸಮೇತ, ಗೋಣಿಚೀಲಕ್ಕೆ ಹಾಕಿ ಬಾಯಿ ಬಿಗಿದಳು.

"ಎಲ್ಲಿಗೆ?" ಎಂದ ಗೌತಮ.

"ಪೊಲೀಸ್ರು ಮಷಿನ್ ತರ್ರಿ ಅಂದಾರಂತ ನೀವ ಹೇಳಿದ್ರೆಲ್ಲ."

"ಯಶೋಧಾ, ನಾ ನಿನ್ನ ಗಂಡ ಅದೇನಿ."

"ಅದೀರಿ," ಎಂದಳು. ಬಾಗಿಲು ಎಳೆದು ತೆರೆದಳು. ಬಿಸಿಲು ಒಮ್ಮೆಲೇ ಒಳಗೆ ನುಗ್ಗಿತು.

*

ಚೀಲ ಹೊತ್ತುಕೊಂಡು ಅವಳು ವಾರ್ಡಿಗೆ ಹೋದಾಗ ಎಲ್ಲರೂ ಅಲ್ಲೇ ಇದ್ದರು. ಕೃಷ್ಣವ್ವ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ವೀರಪ್ಪ ಸಾವಕಾರರು ಬಾಳೆಹಣ್ಣು ತಂದು ಕಿಟಕಿಯಲ್ಲಿಟ್ಟಿದ್ದರು. ಒಬ್ಬ ಹವಾಲ್ದಾರ ಸ್ಟೂಲಿನ ಮೇಲೆ ಕೂತು ಸದಾಶಿವನ ಹೆಸರು, ವಯಸ್ಸು ಕೇಳುತ್ತಿದ್ದ. ಗೌತಮ ಅವಳು ಬಂದ ಬಸ್ಸಿನಲ್ಲೇ ಹಿಂದಿನ ಬಾಗಿಲಿನಿಂದ ಹತ್ತಿ ಬಂದಿದ್ದ. ಈಗಲೂ ನಾಲ್ಕು ಹೆಜ್ಜೆ ಹಿಂದೆಯೇ ಬಾಗಿಲ ಬಳಿ ನಿಂತ.

ಯಶೋಧಾ ಚೀಲ ಬಿಚ್ಚಿ ಮಷಿನ್ನನ್ನು ನೆಲದ ಮೇಲಿಟ್ಟಳು. ಬಟ್ಟೆಯ ಗಂಟು ಬಿಚ್ಚಿ ಮುರಿದ ಪಟ್ಟಿಯ ತುಂಡುಗಳನ್ನು ಪಕ್ಕಕ್ಕಿಟ್ಟಳು. ದಾರಿಯುದ್ದಕ್ಕೂ ಏನೇನೋ ಕೂಡಿಸಿಕೊಂಡು ಬಂದಿದ್ದಳು. ಹೇಳಹೊರಟಾಗ ಎಲ್ಲವೂ ಚಿಕ್ಕದಾಯಿತು.

"ಸದಾ, ಬ್ರೇಕಿನ ಪಟ್ಟಿ ಮುರದಿತ್ತು. ಹೊಸಾದು ಬರೋತನಕ ಒಯ್ಯಬ್ಯಾಡ್ರಿ ಅಂತ ಇವರಿಗೆ ಹೇಳಿದ್ನಿ. ನಾ ಬಚ್ಚಲದಾಗ ಇದ್ದಾಗ ಒಯ್ದಾರ. ಆ ತಂತಿ ನಾ ಕಟ್ಟಿಲ್ಲ."

ಹವಾಲ್ದಾರ ಪೆನ್ನು ನಿಲ್ಲಿಸಿ ಒಬ್ಬೊಬ್ಬರ ಮುಖವನ್ನೂ ನೋಡಿದ. ಸಾವಕಾರರು ಗಂಟಲು ಸರಿಮಾಡಿಕೊಂಡರು.

"ಈಗ ಇದೆಲ್ಲಾ ಯಾಕ ತಂಗೀ? ಆಗಿದ್ದು ಆಗಿ ಹೋತು. ಹುಡುಗನ ಖರ್ಚು ನಾ ನೋಡ್ಕೋತೇನಿ ಅಂದೇನಿ. ಗಂಡಾ ಹೇಣ್ತಿ ಮಾತು ಇಲ್ಲಿ ತರಬ್ಯಾಡಾ."

"ಗಂಡಾ ಹೇಣ್ತಿ ಮಾತಲ್ಲರಿ ಸಾವಕಾರ. ಬ್ರೇಕ್ ಬರೋಬ್ಬರಿ ಇಲ್ಲಂತ ನಿಮಗೂ ಗೊತ್ತಿತ್ತು. ನನಗ ಒಂದ ಫೋನ್ ಮಾಡಿದ್ರ ಹೇಳ್ತಿದ್ನಿ."

ಸಾವಕಾರರು ಅಂಗಿಯ ಕೈ ಕೆಳಗಿಳಿಸಿ ಗುಂಡಿ ಹಾಕಿಕೊಂಡರು. ಅದನ್ನು ಹಾಕಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು.

ಸದಾಶಿವ ಮಾತ್ರ ಅಕ್ಕನನ್ನಾಗಲಿ ಸಾವಕಾರರನ್ನಾಗಲಿ ನೋಡುತ್ತಿರಲಿಲ್ಲ. ಬಾಗಿಲ ಕಡೆ ನೋಡುತ್ತಿದ್ದ.

"ಮಾಮಾ," ಎಂದ. "ಕೊಡುವಾಗ ನಿಮಗ ಗೊತ್ತಿತ್ತಾ?"

ಗೌತಮ ಚೌಕಟ್ಟಿಗೆ ಕೈ ಊರಿದ. "ಗೊತ್ತಿತ್ತೋ," ಎಂದ. ಅದು ಎಷ್ಟು ಸಣ್ಣ ದನಿಯಲ್ಲಿ ಬಂತೆಂದರೆ ಹವಾಲ್ದಾರ "ಏನಂದ್ರಿ?" ಎಂದು ಮತ್ತೆ ಕೇಳಬೇಕಾಯಿತು. ಅವನು ಮತ್ತೆ ಹೇಳಬೇಕಾಯಿತು.

ಸದಾಶಿವ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಅವನ ಭುಜ ಅಲುಗುತ್ತಿತ್ತು. ಯಶೋಧಾ ಹತ್ತಿರ ಹೋಗಿ ತಲೆಯ ಮೇಲೆ ಕೈಯಿಟ್ಟಳು. ಅವನು ಕೈಯನ್ನು ಸರಿಸಲೂ ಇಲ್ಲ, ಅವಳ ಕಡೆ ತಿರುಗಲೂ ಇಲ್ಲ.

"ನಿನ್ನ ಹೆಸರ ಹೇಳಿದ್ರಂತ ಹಿಡದೆ ಅಕ್ಕಾ," ಎಂದ ಗೋಡೆಗೆ ಹೇಳುವವನಂತೆ.

ಹವಾಲ್ದಾರ ಮಷಿನ್ನನ್ನೂ ಪಟ್ಟಿಯ ತುಂಡುಗಳನ್ನೂ ಚೀಲಕ್ಕೆ ಹಾಕಿ ಎತ್ತಿಕೊಂಡ. ನಾಳೆ ಠಾಣೆಗೆ ಬರಬೇಕೆಂದು ಗೌತಮನಿಗೂ ಸಾವಕಾರರಿಗೂ ಹೇಳಿ ಹೋದ. ಸಾವಕಾರರು ಅವನ ಹಿಂದೆಯೇ ಹೋದರು. ಬಾಳೆಹಣ್ಣು ಕಿಟಕಿಯಲ್ಲೇ ಉಳಿಯಿತು.

ಕೃಷ್ಣವ್ವ ಮಗಳನ್ನು ಹೊರಗೆ ಕರೆದಳು. ಕಾರಿಡಾರಿನ ತುದಿಗೆ ಹೋಗಿ, ಸುತ್ತ ಯಾರೂ ಇಲ್ಲವೆಂದು ನೋಡಿ, ಕೆಳದನಿಯಲ್ಲಿ ಹೇಳಿದಳು.

"ಇಷ್ಟ ಮಂದಿ ಮುಂದ ಹೇಳ್ಬೇಕಾಗಿತ್ತೇನು? ನನ್ನ ಕಿವ್ಯಾಗ ಹೇಳಿದ್ರ ಸಾಕಾಗ್ತಿತ್ತು. ನಿನ್ನ ತಪ್ಪಂದ್ರ ತಮ್ಮ ಇವತ್ತಲ್ಲಾ ನಾಳೆ ಮರೀತಿದ್ದ. ರಕ್ತಾ ಅದು, ಎಲ್ಲಿ ಹೋಗತೈತಿ? ಈಗ ನಿನ್ನ ಸಂಸಾರ ಏನ್ ಮಾಡ್ತಿ?"

"ನಾ ಮಾಡಿದ್ನಿ ಅಂತ ಒಪ್ಕೋಬೇಕಿತ್ತಾ ಎವ್ವಾ?"

ಕೃಷ್ಣವ್ವ ಹಿಂದಿನ ದಿನ ತಾನು ಬಿಟ್ಟ ಸೆರಗನ್ನು ಈಗ ಮತ್ತೆ ಹಿಡಿದು, ಮಗಳ ಹೆಗಲ ಮೇಲೆ ಸರಿಯಾಗಿ ಹೊದಿಸಿದಳು. ಅಷ್ಟು ಮಾಡಿ ಮಗನ ಹತ್ತಿರ ಹೋದಳು. ಯಶೋಧಾ ಆ ಕಾರಿಡಾರಿನಲ್ಲಿ ಒಬ್ಬಳೇ ನಿಂತಳು. ಅಳು ಬರುತ್ತದೆಂದು ಕಾದಳು, ಬರಲಿಲ್ಲ. ತಾಯಿ ಹೇಳಿದ ಮಾತಿನಲ್ಲಿ ಸಿಟ್ಟಿರಲಿಲ್ಲ, ಮಗಳ ಮೇಲಿನ ಮಮತೆಯೇ ಇತ್ತು. ಅದೇ ಹೆಚ್ಚು ಚುಚ್ಚಿತು.

ಬೆರಳು ಎಷ್ಟು ಮಡಚುತ್ತವೆ ಎಂಬುದು ಹೊಲಿಗೆ ಬಿಚ್ಚಿದ ಮೇಲೆಯೇ ಗೊತ್ತಾಗುತ್ತದೆಂದು ಡಾಕ್ಟರು ಹೇಳಿದರು. ಹಾಸಿಗೆ ಪಾತ್ರೆ ತರುವುದು ಗದ್ದಲದಲ್ಲಿ ಮರೆತೇ ಹೋಗಿತ್ತು. ಅವಳು ಮತ್ತೆ ಊರಿಗೆ ಹೊರಟಳು.

*

ಬೆಳಗಾವಿ ನಿಲ್ದಾಣದಲ್ಲಿ 'ಯರಗಟ್ಟಿ' ಎಂದು ಬೋರ್ಡು ಹಾಕಿದ ಬಸ್ಸು ಆಗಲೇ ತುಂಬಿತ್ತು. ಹಿಂದಿನ ಕಡೆ ಇಬ್ಬರು ಕೂರುವ ಒಂದು ಸೀಟು ಸಿಕ್ಕಿತು. ಕಿಟಕಿಯ ಪಕ್ಕ ಕೂತಳು. ಬಸ್ಸು ಬಿಡುವ ಹೊತ್ತಿಗೆ ಗೌತಮ ಹತ್ತಿದ. ಬೇರೆಲ್ಲೂ ಜಾಗವಿರಲಿಲ್ಲ. ಬಂದು ಅವಳ ಪಕ್ಕದಲ್ಲಿ, ತುದಿಯಲ್ಲಿ ಕೂತ.

"ಇಬ್ರೂ ಯರಗಟ್ಟಿಗೇನ್ರಿ?" ಎಂದು ಕೇಳಿದ ಕಂಡಕ್ಟರ್.

ಅವಳು ತನ್ನ ಆಧಾರ್ ಕಾರ್ಡು ತೋರಿಸಿ ಹೆಂಗಸರ ಉಚಿತ ಟಿಕೆಟ್ಟು ತೆಗೆದುಕೊಂಡಳು. ಗೌತಮ ತನ್ನದನ್ನು ತೆಗೆದುಕೊಂಡ.

ಊರು ದಾಟಿ ಹೊಲಗಳು ಶುರುವಾದವು. ಗಾಳಿ ಬಿಸಿಯಾಗಿತ್ತು. ನಿನ್ನೆಯಿಂದ ಕಣ್ಣು ಮುಚ್ಚದ ಗೌತಮನಿಗೆ ಬಸ್ಸಿನ ಓಲಾಟಕ್ಕೆ ನಿದ್ದೆ ಹತ್ತಿತು. ಒಂದು ತಿರುವಿನಲ್ಲಿ ಅವನ ತಲೆ ಜೋಲಿ ಬಂದು ಅವಳ ಹೆಗಲ ಮೇಲೆ ಬಿತ್ತು. ಮೊದಲೆಲ್ಲ ಯಲ್ಲಮ್ಮನ ಗುಡ್ಡದ ಕಡೆ ಕೆಲಸ ಮುಗಿಸಿ ಬರುವಾಗ ಹೀಗೇ ಮಲಗುತ್ತಿದ್ದ. ಅವನ ಕೂದಲಿನಲ್ಲಿ ಜಾಲಿಯ ಹೊಟ್ಟು ಇನ್ನೂ ಸಿಕ್ಕಿಕೊಂಡಿತ್ತು. ಅವಳ ಕೈ ಅದನ್ನು ತೆಗೆಯಲು ತಾನಾಗಿಯೇ ಮೇಲೆದ್ದಿತು, ಅರ್ಧಕ್ಕೆ ನಿಂತಿತು.

ಅವಳು ಅವನ ತಲೆಯನ್ನು ಮೆಲ್ಲಗೆ ಸೀಟಿನ ಬೆನ್ನಿಗೆ ಒರಗಿಸಿ, ಅವನ ಮೊಣಕಾಲು ದಾಟಿ ಹೊರಗೆ ಬಂದು, ಮೇಲಿನ ಸರಳು ಹಿಡಿದು ನಿಂತಳು. ಅವನಿಗೆ ಎಚ್ಚರವಾಯಿತು.

ನೇಸರಗಿಯಲ್ಲಿ ಬಸ್ಸು ಅರ್ಧ ಖಾಲಿಯಾಯಿತು. "ಅಕ್ಕಾರ, ಎಷ್ಟೋ ಸೀಟ್ ಖಾಲಿ ಅದಾವಲ್ರಿ, ಕುಂದರ್ರಿ," ಎಂದ ಕಂಡಕ್ಟರ್.

"ಇರ್ಲಿ ಬಿಡ್ರಿ."

ಅಲ್ಲಿಯೇ ಒಬ್ಬ ಮುದುಕಿ ಬುಟ್ಟಿ ಹಿಡಿದು ಹತ್ತಿದಳು. ಅಲ್ಲಾಡುತ್ತ ಅಲ್ಲಾಡುತ್ತ ಬಂದು, ಗೌತಮನ ಪಕ್ಕದ ಕಿಟಕಿಯ ಜಾಗ ಖಾಲಿ ಇದ್ದದ್ದು ಕಂಡು ನಿಂತಳು.

"ಇಲ್ಲಿ ಯಾರರ ಅದಾರೇನೋ ತಮ್ಮಾ?"

ಗೌತಮ ತಲೆಯೆತ್ತಿ ಯಶೋಧಾಳನ್ನು ನೋಡಿದ. ಅವಳು ಕಿಟಕಿಯಾಚೆಗೆ, ಕಟಾವಾದ ಗೋವಿನಜೋಳದ ಹೊಲಗಳ ಕಡೆ ನೋಡುತ್ತಿದ್ದಳು. ಮುದುಕಿ ಕಾಯುತ್ತ ನಿಂತೇ ಇದ್ದಳು. ಬಸ್ಸು ಹೊರಟಿತು. ಅವನು ಕೊನೆಗೆ ಕಾಲು ಓರೆ ಮಾಡಿ ದಾರಿ ಬಿಟ್ಟ. ಮುದುಕಿ ಒಳಗೆ ಸರಿದು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಗಾಳಿಗೆ ಮುಖ ಒಡ್ಡಿ ಆರಾಮಾಗಿ ಕೂತಳು.